ಒಂಬತ್ತನೇ ಬಿಲ್ಲೆ

ಆ ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಸುತ್ತಲಿನ ಉಳಿದ ಆಸ್ಪತ್ರೆಗಳು ಸದ್ಯ ನಾವಲ್ಲ ಎಂದು ನೆಮ್ಮದಿಯಾಗಿ ಮೈಮುರಿಯುತ್ತವೆ. ಶ್ರೀರಂಗಪಟ್ಟಣದಿಂದ ಆಟೋ ಹಿಡಿದು ಹೋಗುವಷ್ಟು ದೂರ, ಕ್ಯಾತನಹಳ್ಳಿ ಕಡೆಯವರು ಮೊದಲ ಬಸ್ಸಿಗೆ ಬಂದಿಳಿಯುವಷ್ಟು ಹತ್ತಿರ. ಅಷ್ಟು ಗೊತ್ತಿದ್ದರೆ ಸಾಕು. ಹೆಂಗಸರ ಡಾಕ್ಟರು ಅಲ್ಲಿಗೆ ಬರುವುದು ಗುರುವಾರ ಮಾತ್ರ. ವಾರದ ಉಳಿದ ದಿನಗಳಲ್ಲಿ ಅವರು ಇನ್ನೆರಡು ತಾಲ್ಲೂಕುಗಳ ಪಾಲು. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಮಧ್ಯಾಹ್ನ ಎರಡಕ್ಕೆ ಎದ್ದು ಜೀಪು ಹತ್ತುತ್ತಾರೆ. ಅಷ್ಟರೊಳಗೆ ಬಾಗಿಲು ದಾಟಿದವರಿಗೆ ವೈದ್ಯ, ದಾಟದವರಿಗೆ ಮುಂದಿನ ಗುರುವಾರ.

ಕಾಳಪ್ಪಾಚಾರಿ ಆ ಸಾಲಿಗೆ ಬಂದು ಸೇರಿದ್ದು ಹೆಂಡತಿ ಸುಬ್ಬಮ್ಮನ ಗರ್ಭಕೋಶದ ತೊಂದರೆಯಿಂದ. ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಅವನದು ತಾತನ ಕಾಲದಿಂದ ಬಂದ ಅಕ್ಕಸಾಲಿಗನ ಅಂಗಡಿ. ಷೋರೂಮುಗಳು ಬಂದ ಮೇಲೆ ಕೆಲಸವೆಂದರೆ ತುಂಡಾದ ಸರಕ್ಕೆ ಕೊಂಡಿ ಹಾಕುವುದು, ಕಾಲ್ಗೆಜ್ಜೆ ಬೆಳಗುವುದು, ಮಕ್ಕಳ ಕಿವಿ ಚುಚ್ಚುವುದು, ಅಷ್ಟೇ. ಮಗ ಮೋಹನ್ ಕುಮಾರ್ ಅಪ್ಪನ ಅಂಗಡಿಯ ಹೊಟ್ಟೆಯ ಮೇಲೆ ಹೊಡೆದ ಅಂಥದೇ ಒಂದು ಷೋರೂಮಿನಲ್ಲಿ, ಮೈಸೂರಿನಲ್ಲಿ, ಟೈ ಕಟ್ಟಿಕೊಂಡು ಗಿರಾಕಿಗಳಿಗೆ ಬಳೆ ತೋರಿಸುತ್ತಾನೆ.

ಅಕ್ಕಸಾಲಿಗನ ಕೈ ಬಗ್ಗೆ ಜನ ಆಡುವ ಮಾತು ಎಲ್ಲರಿಗೂ ಗೊತ್ತು. ಅದನ್ನು ಇಲ್ಲಿ ಬರೆದು ಹೊಸಬರಿಗೆ ಕಲಿಸುವುದು ಬೇಡ. ಚಿನ್ನ ಕೊಟ್ಟವರು ಎದುರಿಗೇ ಕೂತು, ಅವನು ಕರಗಿಸಿ ತಟ್ಟಿ ತೂಗುವವರೆಗೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನೀರು ಕುಡಿಯಲು ಎದ್ದರೂ ಪಕ್ಕದವರನ್ನು ಕಾವಲಿಟ್ಟು ಏಳುತ್ತಿದ್ದರು. ಕಾಳಪ್ಪ ಇದನ್ನು ಹದಿನಾಲ್ಕನೇ ವಯಸ್ಸಿನಿಂದ ನುಂಗಿಕೊಂಡು ಬಂದವನು. ಕೆಲಸ ಮುಗಿದ ಮೇಲೆ ಉಗುರಿನ ಸಂದಿಯ ಪುಡಿಯನ್ನೂ ಗಿರಾಕಿಯ ಕಾಗದದ ಮೇಲೆ ಕೊಡವಿ, ಎರಡೂ ಅಂಗೈ ತೋರಿಸಿ ಕಳಿಸುತ್ತಿದ್ದ. ಯಾರೂ ಕೇಳದಿದ್ದರೂ ತೋರಿಸುತ್ತಿದ್ದ. ತಾನು ಕಳ್ಳನಲ್ಲ ಎಂದು ದಿನಕ್ಕೆ ನಾಲ್ಕು ಸಲ ಸಾಬೀತು ಮಾಡುವ ಅಭ್ಯಾಸ ಬಿದ್ದ ಮನುಷ್ಯನಿಗೆ ಬೇರೆಯವರ ಮಾತು ಎಷ್ಟು ಬೇಗ ನಾಟುತ್ತದೆ ಎಂಬುದನ್ನು ಆಮೇಲೆ ನೋಡುತ್ತೀರಿ.

ಆಗ ಆಸ್ಪತ್ರೆಯಲ್ಲಿ ಜನ ನಿಲ್ಲುತ್ತಿರಲಿಲ್ಲ, ಚಪ್ಪಲಿ ನಿಲ್ಲುತ್ತಿದ್ದವು. ಚಪ್ಪಲಿ, ವೈರ್ ಬ್ಯಾಗು, ನೀರಿನ ಬಾಟಲಿ, ಏನೂ ಇಲ್ಲದವರದು ಒಂದು ಕಲ್ಲು. ಎಲ್ಲವನ್ನೂ ಸಾಲಾಗಿಟ್ಟು ಒಡತಿಯರು ಹೊಂಗೆಮರದ ಕೆಳಗೆ ಕೂರುತ್ತಿದ್ದರು. ಬಾಗಿಲು ತೆರೆದ ಕೂಡಲೇ ಯಾರ ಚಪ್ಪಲಿ ಎಲ್ಲಿತ್ತು ಎಂದು ಜಗಳ, ಜಡೆ ಹಿಡಿದು ಎಳೆದಾಟ. ಆದರೂ ಆ ಗಲಾಟೆಯಲ್ಲಿ ಒಂದು ಸಂಗತಿ ಇತ್ತು, ಅದು ಹೋದ ಮೇಲೆಯೇ ಇತ್ತೆಂದು ತಿಳಿದದ್ದು. ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬೈದಾಡುತ್ತಲೇ, ಅವಳ ಮುಖ ಬಿಳಿಚಿಕೊಂಡಿದೆ, ಮೊದಲು ಬಿಡಿ ಎಂದು ದಾರಿ ಮಾಡಿಕೊಡುತ್ತಿದ್ದರು. ನರ್ಸ್ ಪುಟ್ಟತಾಯಮ್ಮ ಗಂಟೆಗೊಮ್ಮೆ ಹೊರಗೆ ಬಂದು ಎಲ್ಲರನ್ನೂ ಗದರಿ, ಗದರುತ್ತಲೇ ಕಣ್ಣಾಡಿಸಿ, ತೀರಾ ಆಗದವರನ್ನು ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದಳು.

ಸುಬ್ಬಮ್ಮ ಮೂರು ಗುರುವಾರ ಬಾಗಿಲವರೆಗೆ ಹೋಗಿ ವಾಪಸ್ಸು ಬಂದಳು. ಮೂರನೇ ಸಲ ನೂಕಾಟದಲ್ಲಿ ಒಬ್ಬ ಮುದುಕಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯ ಸಮಿತಿಯವರು ಸಭೆ ಸೇರಿ, ಬೋಂಡ ತಿಂದು, ಗೋಡೆಗೆ ನೀಲಿ ಬಣ್ಣದಲ್ಲಿ ಬರೆಸಿದರು: 'ಸರದಿ ಕಾಯುವುದು ಎಲ್ಲರ ಹೊಣೆ, ದಯವಿಟ್ಟು ಸಹಕರಿಸಿ.' ಕಾಳಪ್ಪ ಅದನ್ನು ಓದಿ ಮನೆಗೆ ಬಂದು, ಹಿತ್ತಾಳೆ ತಗಡು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಒಂದರಿಂದ ಅರವತ್ತರವರೆಗೆ ಅಂಕೆ ಒತ್ತಿ ಬಿಲ್ಲೆಗಳನ್ನು ಮಾಡಿದ. ಎಷ್ಟೋ ವರ್ಷದ ಮೇಲೆ ಕೈತುಂಬ ಕೆಲಸ, ಖುಷಿಯಾಗಿ ಮಾಡಿದ. ಮುಂದಿನ ಗುರುವಾರ ಬೆಳಿಗ್ಗೆ ಆರಕ್ಕೆ ಹೋಗಿ, ಬಂದವರನ್ನು ಬಂದ ಹಾಗೆ ನಿಲ್ಲಿಸಿ, ಒಂದೊಂದು ಬಿಲ್ಲೆ ಕೈಗಿಟ್ಟ. ಹೆಂಡತಿಗೆ ಅರವತ್ತನೆಯದನ್ನು ಕೊಟ್ಟ. ಅವತ್ತು ಒಂದೇ ಒಂದು ಚಪ್ಪಲಿ ಹಾರಲಿಲ್ಲ.

ಸುಬ್ಬಮ್ಮನಿಗೆ ಮುಂದೆ ಒಂದು ದಿನ ಆಪರೇಷನ್ನೂ ಆಯಿತು, ಗುಣವೂ ಆಯಿತು. ಕಾಳಪ್ಪ ಮಾತ್ರ ಗುರುವಾರ ಬಿಡಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಿಲ್ಲೆಯ ಚೀಲ ಹಿಡಿದು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಅಂಕೆ ಕೂಗುತ್ತಿದ್ದ. ಪುಟ್ಟತಾಯಮ್ಮ ಹೊರಗೆ ಬರುವುದನ್ನು ನಿಲ್ಲಿಸಿದಳು, ಆಚಾರ್ರು ಇದ್ದಾರಲ್ಲ. ಡಾಕ್ಟರು ತಲೆಯೆತ್ತಿ ಬಾಗಿಲಾಚೆ ನೋಡುವುದು ಬಿಟ್ಟರು, ಆಚಾರ್ರು ಇದ್ದಾರಲ್ಲ. ಸಮಿತಿಯವರು ಸಭೆ ಸೇರುವುದನ್ನೂ ಬಿಟ್ಟರು. ಸಾಲಿನಲ್ಲಿ ಕೂತವರು ಪಕ್ಕದವಳ ಮುಖ ನೋಡುವುದು ಬಿಟ್ಟು ಕೈಯಲ್ಲಿದ್ದ ಬಿಲ್ಲೆ ನೋಡತೊಡಗಿದರು. ಎಲ್ಲರ ಹೊಣೆ ಎಂದು ಗೋಡೆಯ ಮೇಲಿದ್ದದ್ದು ಒಬ್ಬ ಮುದುಕನ ಬಟ್ಟೆ ಚೀಲಕ್ಕೆ ಇಳಿಯಿತು, ಎಲ್ಲರಿಗೂ ಹಗುರವಾಯಿತು.

ಕಾಳಪ್ಪನ ಕಟ್ಟಳೆ ಎರಡೇ. ಬಂದ ಹಾಗೆ ಬಿಲ್ಲೆ. ತನ್ನ ಕಡೆಯವರು ಯಾರೇ ಬರಲಿ, ಕೊನೆಯ ಬಿಲ್ಲೆ. ಎರಡನೆಯದನ್ನು ಯಾರೂ ಅವನಿಂದ ಕೇಳಿರಲಿಲ್ಲ. ಅದು ಅವನ ಅಂಗೈ ತೋರಿಸುವ ಚಾಳಿ.

ಸೊಸೆ ಅನುಶ್ರೀಗೆ ಎಂಟು ತಿಂಗಳು ತುಂಬಿದಾಗ ಜೂನ್ ಶುರುವಾಗಿತ್ತು. ನಾಗಮಂಗಲದ ಕಡೆಯ ಹುಡುಗಿ, ಹೆಚ್ಚು ಮಾತಿಲ್ಲ. ಮದುವೆಯಾಗಿ ಐದು ವರ್ಷದ ಮೇಲೆ ನಿಂತ ಬಸಿರು. ಸುಬ್ಬಮ್ಮ ಕರಿಘಟ್ಟದ ದೇವರಿಗೆ ಹರಕೆ ಹೊತ್ತು, ಮೊಮ್ಮಗುವಿನ ಕಾಲಿಗೆ ಬೆಳ್ಳಿ ಕಡಗ ಮಾಡಿಸಲು ಗಂಡನ ಪ್ರಾಣ ತಿನ್ನುತ್ತಿದ್ದಳು. ಅಷ್ಟರಲ್ಲಿ ಅನುಶ್ರೀಯ ಪಾದಗಳು ಬಾತುಕೊಂಡವು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಪುಟ್ಟಲಕ್ಷ್ಮಮ್ಮ ಬೆರಳಿಂದ ಒತ್ತಿ ನೋಡಿದಳು, ಒತ್ತಿದಲ್ಲಿ ಗುಳಿ ಬಿತ್ತು, ಬೇಗ ಮೇಲೇಳಲಿಲ್ಲ. ತಲೆ ನೋಯುತ್ತದೆಯೇ ಎಂದು ಕೇಳಿದಳು. ನೋಯುತ್ತಿತ್ತು. ಈ ಗುರುವಾರ ಡಾಕ್ಟರಿಗೆ ತೋರಿಸಲೇಬೇಕು, ಇಂಥದ್ದು ಏರಿದರೆ ತಾಯಿ ಮಗು ಇಬ್ಬರಿಗೂ ಅಪಾಯ ಎಂದು ಮನೆಯವರೆಲ್ಲರ ಎದುರು ಹೇಳಿ, ಪುಸ್ತಕದಲ್ಲಿ ಬರೆದುಕೊಂಡು ಹೋದಳು. ಬರೆದುಕೊಂಡಳಲ್ಲ, ಅವಳ ಕೆಲಸ ಮುಗಿಯಿತು.

ಮೈಸೂರಿಗೇ ಕರೆದುಕೊಂಡು ಹೋಗೋಣ, ಪ್ರೈವೇಟಿಗೆ ತೋರಿಸೋಣ ಎಂದ ಮೋಹನ್. ಕಾಳಪ್ಪ ಒಪ್ಪಲಿಲ್ಲ. ತಾನು ನಿಂತು ನಡೆಸುವ ಆಸ್ಪತ್ರೆ ಬಿಟ್ಟು ತನ್ನ ಮನೆಯವರೇ ಪ್ರೈವೇಟಿಗೆ ಹೋದರೆ ನಾಳೆ ಸಾಲಿನಲ್ಲಿ ಕೂತವರ ಮುಖ ಹೇಗೆ ನೋಡುವುದು ಎಂದ. ಮೋಹನ್‌ಗೆ ಷೋರೂಮಿನಲ್ಲಿ ರಜೆ ಸಿಕ್ಕುವುದೂ ಕಷ್ಟವಿತ್ತು. ಆಗಲಿ ಬಿಡಿ ಎಂದು ಬಸ್ಸು ಹತ್ತಿದ.

ಮೊದಲ ಗುರುವಾರ ಅನುಶ್ರೀ ಮಾವನ ಜೊತೆಗೇ ಹೋದಳು. ನ್ಯಾಯವಾಗಿ ಅವಳಿಗೆ ನಲವತ್ತೊಂದನೆಯದು ಸಿಗಬೇಕಿತ್ತು. ಸಿಕ್ಕಿದ್ದು ಅರವತ್ತು. ಡಾಕ್ಟರು ಐವತ್ತೆರಡಕ್ಕೆ ಎದ್ದರು. ವಾಪಸ್ಸು ಬರುವಾಗ ಆಟೋದಲ್ಲಿ ಕಾಳಪ್ಪ, ಮುಂದಿನ ವಾರ ಡಾಕ್ಟರು ಬೇಗ ಬರುತ್ತಾರಂತೆ ಎಂದ. ಅನುಶ್ರೀ ಹೂಂ ಎಂದಳು. ಆ ವಾರವಿಡೀ ಅವಳಿಗೆ ಹಣೆಯ ಎರಡೂ ಪಕ್ಕ ಸುತ್ತಿಗೆಯಲ್ಲಿ ಬಡಿದ ಹಾಗಿತ್ತು. ಸುಬ್ಬಮ್ಮ ಅಮೃತಾಂಜನ ಹಚ್ಚಿ, ಚೊಚ್ಚಲ ಬಸಿರಲ್ಲಿ ಇದೆಲ್ಲ ಇದ್ದದ್ದೇ ಎಂದಳು. ಪುಟ್ಟಲಕ್ಷ್ಮಮ್ಮ ಇನ್ನೊಮ್ಮೆ ಬಂದು ಬೈದು, ಇನ್ನೊಮ್ಮೆ ಬರೆದುಕೊಂಡು ಹೋದಳು.

ಎರಡನೇ ಗುರುವಾರ ಅನುಶ್ರೀ ಯಾರಿಗೂ ಹೇಳದೆ ಎದ್ದಳು. ಮಾವ ಸ್ನಾನಕ್ಕೆ ಇಳಿಯುವ ಮೊದಲೇ ಬೀದಿ ಕೊನೆಯ ಆಟೋದವನನ್ನು ಎಬ್ಬಿಸಿ, ಐದಕ್ಕೆ ಮುಂಚೆ ಆಸ್ಪತ್ರೆ ತಲುಪಿದಳು. ಅವಳಿಗಿಂತ ಮುಂದೆ ಎಂಟು ಜನ ಇದ್ದರು. ಒಂಬತ್ತನೆಯವಳಾಗಿ ಗೋಡೆ ಹಿಡಿದು ನಿಂತಳು. ಹತ್ತನೆಯವಳು ಕ್ಯಾತನಹಳ್ಳಿಯ ಸ್ನೇಹ, ಅವಳಿಗೂ ತಿಂಗಳು ತುಂಬುತ್ತಿತ್ತು. ಜೊತೆಗೆ ಅತ್ತೆ ಬೆಟ್ಟಮ್ಮ. ಕಬ್ಬು, ಡೇರಿ, ಎರಡು ಮಹಡಿ ಮನೆ ಎಲ್ಲ ಇದ್ದ ಒಕ್ಕಲ ಮನೆಯ ಯಜಮಾನಿ, ಬಾಯಿಗೆ ಬೀಗ ಇಲ್ಲದವಳು. ಒಂದು ಗಂಟೆ ಕಾಲ ಮೂವರೂ ಅದೂ ಇದೂ ಮಾತಾಡಿಕೊಂಡು ಚೆನ್ನಾಗಿಯೇ ನಿಂತಿದ್ದರು. ಬೆಟ್ಟಮ್ಮ ಫ್ಲಾಸ್ಕಿನಿಂದ ಅನುಶ್ರೀಗೂ ಕಾಫಿ ಬಗ್ಗಿಸಿ ಕೊಟ್ಟಿದ್ದಳು.

ಆರಕ್ಕೆ ಕಾಳಪ್ಪ ಬಂದ. ಸಾಲಿನಲ್ಲಿ ಸೊಸೆಯನ್ನು ಕಂಡು ಗಾಬರಿಯಾದರೂ ತೋರಿಸಿಕೊಳ್ಳಲಿಲ್ಲ. ಒಂದು, ಎರಡು ಎಂದು ಕೊಡುತ್ತ ಬಂದವನು ಅವಳ ಕೈಗೂ ಒಂಬತ್ತನ್ನು ಇಟ್ಟ. ಇದು ನಿಜ, ಅವನ ಕೈ ಇಟ್ಟಿತು. ಅವಳು ತಾನಾಗಿ ಬಂದು ನಿಂತವಳು, ತಾನೇನೂ ಕೊಡಿಸಲಿಲ್ಲ ಎಂದು ಮನಸ್ಸೂ ಒಪ್ಪಿತ್ತು. ಆಗ ಅನುಶ್ರೀ, ಮಾವ ಎಂದಳು. ಬರೀ ಅಷ್ಟೇ, ಒಂದು ಸಮಾಧಾನದಿಂದ. ಬೆಟ್ಟಮ್ಮನ ಕಿವಿ ನೆಟ್ಟಗಾಯಿತು.

"ಓ, ಆಚಾರ್ರ ಸೊಸೆಯಾ ಈಕೆ? ಅಂಗಾದ್ರೆ ಒಂಬತ್ತು ಸಿಕ್ದೆ ಇನ್ನೇನಾದದು. ನಮ್ಮಂಥೋರು ಕತ್ಲಲ್ಲಿ ಎದ್ಬಂದು ಹಿಂದೆ ನಿಂತ್ಕಬೇಕು."

ಮುಂದೆ ಹಿಂದೆ ನಾಲ್ಕೈದು ಜನ ನಕ್ಕರು. ಅದರಲ್ಲಿ ವಿಷವೇನೂ ಇರಲಿಲ್ಲ, ಹೊತ್ತು ಹೋಗದವರ ನಗು. ಬೆಟ್ಟಮ್ಮನಿಗೂ ಅನುಶ್ರೀ ತನಗಿಂತ ಮೊದಲೇ ಬಂದದ್ದು ಕಣ್ಣಾರೆ ಗೊತ್ತಿತ್ತು. ಸುಮ್ಮನೆ ನಾಲಿಗೆ ತುರಿಕೆ. ಆದರೆ ಕಾಳಪ್ಪನ ಕಿವಿ ಬಿಸಿಯಾಯಿತು. ಐವತ್ತು ವರ್ಷ ಎದುರಿಗೆ ಕೂತು ಅವನ ಬೆರಳುಗಳನ್ನೇ ಕಾಯುತ್ತಿದ್ದ ಕಣ್ಣುಗಳೆಲ್ಲ ಒಟ್ಟಿಗೆ ಬಂದು ಕೂತ ಹಾಗಾಯಿತು. ಕೈ ಚಾಚಿ, ಕೊಡವ್ವ ಇಲ್ಲಿ ಎಂದ.

"ನಾನೇ ನಿಂತ್ಕಂಡು ತಗಂಡಿದ್ದು ಮಾವ, ಐದ್ ಗಂಟೆಗೇ ಬಂದಿವ್ನಿ," ಎಂದಳು ಅನುಶ್ರೀ. "ತಲೆ ಸಿಡೀತಾ ಅದೆ. ಕಣ್ಮುಂದೆ ಮಿಂಚ್ದಂಗಾಯ್ತದೆ."

"ಇಲ್ಲಿ ಯಾರೂ ಸುಖಕ್ಕೆ ಬಂದಿಲ್ಲ ಕಣವ್ವ. ಎಲ್ರಿಗೂ ಒಂದೊಂದು ನೋವು ಅದೆ."

ಅವಳು ಕೊಡಲಿಲ್ಲ. ಅವನು ಅವಳ ಬೆರಳು ಬಿಡಿಸಿ ತೆಗೆದುಕೊಂಡ. ಹಸುಗೂಸಿನ ಕಿವಿ ಚುಚ್ಚುವಾಗ ಕೂಸಿಗೇ ತಿಳಿಯದಷ್ಟು ನಾಜೂಕಾಗಿ ಹಿಡಿಯುವ ಕೈ ಅದು. ಒಂಬತ್ತು ಸ್ನೇಹಳ ಪಾಲಾಯಿತು, ಹಿಂದಿನವರೆಲ್ಲ ಒಂದೊಂದು ಅಂಕೆ ಮುಂದೆ ಸರಿದರು, ಅನುಶ್ರೀಗೆ ಅರವತ್ತು. ಸ್ನೇಹ ಬಾಯಿ ತೆರೆದು ಏನೋ ಹೇಳಹೊರಟಳು, ಅತ್ತೆ ಅವಳ ತೋಳು ಚಿವುಟಿದಳು. ಐವತ್ತೊಂಬತ್ತು ಹೆಂಗಸರಲ್ಲಿ ಐವತ್ತೊಂದು ಜನಕ್ಕೆ ಒಂದಂಕೆ ಲಾಭವಾಗಿತ್ತು. ಯಾರೂ ಏನೂ ಅನ್ನಲಿಲ್ಲ. ಅಂದವಳು ಬೆಟ್ಟಮ್ಮ ಒಬ್ಬಳೇ, ಅದೂ ಮೆಚ್ಚಿ, ಮನುಷ್ಯ ಅಂದರೆ ಹೀಗಿರಬೇಕು ಎಂದಳು. ಕಾಳಪ್ಪನಿಗೆ ಉಸಿರು ಸಲೀಸಾಯಿತು.

ಸ್ನೇಹ ಒಂಬತ್ತೂವರೆಗೆ ಒಳಗೆ ಹೋದಳು. ಎಲ್ಲ ಸರಿಯಿದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟು ಎರಡು ನಿಮಿಷದಲ್ಲಿ ಕಳಿಸಿದರು. ಅನುಶ್ರೀ ಹೊಂಗೆಮರದ ಕೆಳಗೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಕೂತಳು, ಬೆಳಕನ್ನು ನೋಡಲಾಗುತ್ತಿರಲಿಲ್ಲ. ಹನ್ನೊಂದಕ್ಕೆ ವಾಂತಿಯಾಯಿತು. ಪಕ್ಕದವಳು ಸ್ವಲ್ಪ ಆಚೆ ಸರಿದು ಕೂತಳು. ಕಾಳಪ್ಪ ಸ್ಟೂಲಿನಿಂದ ಎರಡು ಸಲ ಅತ್ತ ನೋಡಿದ. ಎದ್ದು ಒಳಗೆ ಹೋಗಿ ಪುಟ್ಟತಾಯಮ್ಮನಿಗೆ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಬಾಗಿಲಿಗೆ ನಾಲ್ಕು ಹೆಜ್ಜೆ. ಅವನು ಇಪ್ಪತ್ತೇಳು ಎಂದು ಕೂಗಿದ.

ಒಂದು ಗಂಟೆಗೆ, ನಲವತ್ತನಾಲ್ಕು ಒಳಗಿದ್ದಾಗ, ಅನುಶ್ರೀಗೆ ಫಿಟ್ಸ್ ಬಂತು. ಹಲ್ಲು ಕಚ್ಚಿ, ಕಣ್ಣು ಮೇಲಾಗಿ, ಮೈಯೆಲ್ಲ ಸೆಟೆದು ಅವಳು ಮರದ ಬುಡದಲ್ಲಿ ಬಡಿದುಕೊಳ್ಳುವಾಗ ಸಾಲಿನಲ್ಲಿ ಉಳಿದಿದ್ದವರೆಲ್ಲ ಎದ್ದು ನಿಂತರು. ಡಾಕ್ಟರು ಬಿಲ್ಲೆ ಕೇಳದೆ ಓಡಿ ಬಂದರು. ಬಂದವರೇ ಬಿಪಿ ನೋಡಿ, ಇದು ಇವತ್ತಿನದಲ್ಲ, ಇಷ್ಟು ದಿನ ಎಲ್ಲಿದ್ದಿರಿ ಎಂದು ಸಿಕ್ಕಾಪಟ್ಟೆ ಬೈದರು. ಕಾಳಪ್ಪ, ಇಲ್ಲೇ ಇದ್ದಳು ಎಂದ. ಇಂಜೆಕ್ಷನ್ ಕೊಟ್ಟು ಮೈಸೂರಿಗೆ ಬರೆದರು. ಆಂಬ್ಯುಲೆನ್ಸು ಕೆ.ಆರ್. ಪೇಟೆ ಕಡೆಗೆ ಹೋಗಿತ್ತು, ಬರಲು ಐವತ್ತು ನಿಮಿಷವಾಯಿತು. ಮೈಸೂರು ಮುಟ್ಟಿದಾಗ ಹೊಟ್ಟೆಯೊಳಗೆ ಮಗುವಿನ ಎದೆಬಡಿತ ನಿಂತಿತ್ತು. ಹೆಣ್ಣು. ಅನುಶ್ರೀ ನಾಲ್ಕು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ಎದ್ದಳು. ಮಗುವನ್ನು ನೋಡಲಿಲ್ಲ, ಮೋಹನ್ ಮತ್ತು ಅವನ ಸೋದರಮಾವ ಅದನ್ನು ಆಗಲೇ ಮಣ್ಣು ಮಾಡಿ ಬಂದಿದ್ದರು.

ವಿಚಾರಣೆಗೆ ರಘುನಂದನ್ ಎಂಬ ಅಧಿಕಾರಿ ಬಂದ. ಒಳ್ಳೆಯ ಮನುಷ್ಯನೇ, ಯಾರ ಹೊಟ್ಟೆಯ ಮೇಲೂ ಹೊಡೆಯಬಾರದು ಎನ್ನುವ ಜಾತಿ. ಒಬ್ಬೊಬ್ಬರನ್ನೇ ಕರೆದು ಹೇಳಿಕೆ ಬರೆದುಕೊಂಡ. ಮೂರು ತಾಲ್ಲೂಕಿಗೆ ನಾನೊಬ್ಬಳೇ ಎಂದರು ಡಾಕ್ಟರು. ತನ್ನನ್ನು ಯಾರೂ ಕರೆಯಲಿಲ್ಲ ಎಂದಳು ಪುಟ್ಟತಾಯಮ್ಮ. ಪುಟ್ಟಲಕ್ಷ್ಮಮ್ಮ ಪುಸ್ತಕ ತೆಗೆದು ಎರಡು ಕಡೆ ಬರೆದದ್ದನ್ನು ತೋರಿಸಿದಳು. ಸಮಿತಿಯವರು ಗೋಡೆಯ ಬರಹ ತೋರಿಸಿದರು. ರಜೆ ಸಿಗಲಿಲ್ಲ ಎಂದ ಮೋಹನ್. ಯಾರೂ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. ಕೊನೆಗೆ ಕಾಳಪ್ಪ ಬಂದು ಕೈಕಟ್ಟಿ ನಿಂತು, ಬಿಲ್ಲೆ ಅವಳ ಕೈಯಲ್ಲಿತ್ತು, ನಾನೇ ಕಿತ್ತುಕೊಂಡೆ, ಹಾಗೇ ಬರೆಯಿರಿ ಎಂದ.

ರಘುನಂದನ್ ಪೆನ್ನು ಕೆಳಗಿಟ್ಟ. "ಕಿತ್ಕೊಂಡೆ ಅಂತ ಬರೆದ್ರೆ, ಕಿತ್ಕೊಳ್ಳೋ ಅಧಿಕಾರ ನಿಮಗೆ ಕೊಟ್ಟೋರ್ಯಾರು ಅಂತ ಮೇಲಿನೋರು ಕೇಳ್ತಾರೆ ಆಚಾರ್ರೇ. ಆಗ ಎಲ್ಲರ ಕುತ್ತಿಗೆಗೂ ಬರುತ್ತೆ. ಸರದಿ ಕ್ರಮ ಪಾಲಿಸಿದೆ ಅಂತ ಬರೀತೀನಿ. ಅದೂ ನಿಜಾನೇ ಅಲ್ವಾ?"

ಕಾಳಪ್ಪ ಎರಡನೇ ಸಲ ಹೇಳಲಿಲ್ಲ. ಕೆಳಗೆ ರುಜು ಹಾಕಿದ. ಹೊಣೆ ಎಲ್ಲರದೂ ಆಗಿರುವುದರಿಂದ ಯಾರ ಮೇಲೂ ಕ್ರಮ ಬೇಕಿಲ್ಲ ಎಂಬ ವರದಿ ಮಂಡ್ಯಕ್ಕೆ ಹೋಯಿತು. ಒಂದು ಹಸುಗೂಸಿನ ಸಾವನ್ನು ಅಷ್ಟು ಜನಕ್ಕೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಎಷ್ಟು ಬಂದೀತು? ಎಲ್ಲರೂ ಅವತ್ತು ಮನೆಗೆ ಹೋಗಿ ಊಟ ಮಾಡಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಆಗಸ್ಟ್ ಹದಿನೈದರಂದು ಆಸ್ಪತ್ರೆಯ ಅಂಗಳದಲ್ಲಿ ಬಾವುಟ ಹಾರಿಸಿ, ಲಾಡು ಹಂಚಿ, ಕಾಳಪ್ಪಾಚಾರಿಗೆ ಶಾಲು ಹೊದಿಸಿದರು. ವರದಿ ಬರೆದ ರಘುನಂದನ್‌ನೇ ಮೈಕು ಹಿಡಿದು, ಸ್ವಂತ ಸೊಸೆಗೂ ಸರದಿ ಮುರಿಯದ ಮಹನೀಯರು, ಇಂಥ ಒಬ್ಬರು ಪ್ರತಿ ಆಸ್ಪತ್ರೆಯಲ್ಲೂ ಇರಬೇಕು ಎಂದ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳುವಾಗ ಕಾಳಪ್ಪನಿಗೆ ಒಂದು ಗಳಿಗೆ ಹಿತವಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಆಯಿತು. ಅಕ್ಕಸಾಲಿಗನ ಕೈ ಶುದ್ಧ ಎಂದು ಸರ್ಕಾರದ ಮೈಕಿನಲ್ಲಿ ಕೇಳಲು ಅವನ ತಾತ, ಅಪ್ಪ ಇಬ್ಬರೂ ಕಾದು ಸತ್ತಿದ್ದರು. ಆಮೇಲೆ ಮನೆಗೆ ಬಂದು ಶಾಲನ್ನು ಪೆಟ್ಟಿಗೆಯ ತಳಕ್ಕೆ ತುರುಕಿ, ಸುಬ್ಬಮ್ಮ ಕರೆದರೂ ಊಟಕ್ಕೆ ಏಳಲಿಲ್ಲ.

ಅನುಶ್ರೀ ನಾಗಮಂಗಲದ ತೌರಿನಲ್ಲಿದ್ದಳು. ಸೆಪ್ಟೆಂಬರಿನಲ್ಲಿ ತಾನಾಗಿ ವಾಪಸ್ಸು ಬಂದಳು. ಅಡುಗೆ ಮಾಡಿದಳು, ಮಾವನಿಗೆ ತಟ್ಟೆ ಇಟ್ಟಳು, ಬೈಯಲಿಲ್ಲ. ಬೈದಿದ್ದರೆ ಅವನು ಅವಳ ಕಾಲು ಹಿಡಿಯುತ್ತಿದ್ದ. ಬಿಪಿ ಇನ್ನೂ ಇಳಿದಿರಲಿಲ್ಲ, ತಿಂಗಳಿಗೊಮ್ಮೆ ತೋರಿಸಬೇಕೆಂದು ಮೈಸೂರಿನಲ್ಲಿ ಚೀಟಿ ಬರೆದುಕೊಟ್ಟಿದ್ದರು. ಗುರುವಾರ ಬೆಳಿಗ್ಗೆ ಕಾಳಪ್ಪ ಬಿಲ್ಲೆಯ ಚೀಲ ಹಿಡಿದು ಹೋದಾಗ ಅವಳು ಸಾಲಿನಲ್ಲಿ ನಿಂತಿದ್ದಳು. ಮುಂದೆ ಮೂವತ್ತಮೂರು ಜನ.

ಕಾಳಪ್ಪ ಸಾಲಿನ ತಲೆಯಿಂದ ಶುರು ಮಾಡಲಿಲ್ಲ. ನೇರ ಅವಳ ಹತ್ತಿರ ಹೋಗಿ, ಚೀಲದಿಂದ ಒಂದನೇ ಬಿಲ್ಲೆ ತೆಗೆದು ಹಿಡಿದ. ಸಾಲಿನಲ್ಲಿ ಯಾರೂ ನಗಲಿಲ್ಲ. ಎಲ್ಲರಿಗೂ ವಿಷಯ ಗೊತ್ತಿತ್ತು. ಮೊದಲು ಅವಳೇ ಹೋಗಲಿ, ನಮಗೇನು ಆತುರವಿಲ್ಲ ಎಂದು ಅಲ್ಲೊಬ್ಬರು ಇಲ್ಲೊಬ್ಬರು ಅಂದರು. ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ಸೊಸೆಯ ಜೊತೆ ಬಂದಿದ್ದ ಬೆಟ್ಟಮ್ಮ ಎಲ್ಲರಿಗಿಂತ ಗಟ್ಟಿಯಾಗಿ ಅಂದಳು. ಅವಳ ಕಣ್ಣಲ್ಲಿ ನೀರೂ ಇತ್ತು. ಸ್ನೇಹ ಮಾತ್ರ ತಲೆ ಎತ್ತಲಿಲ್ಲ.

ಅನುಶ್ರೀ ಬಿಲ್ಲೆ ನೋಡಿದಳು, ಮುಟ್ಟಲಿಲ್ಲ. ಮಾವನ ಮುಖ ನೋಡಿದಳು, ಆಸ್ಪತ್ರೆಯಿಂದ ಎದ್ದ ಮೇಲೆ ಅದೇ ಮೊದಲು.

"ಈಗ ನಂಗ್ಯಾವ ಅವಸ್ರ ಮಾವ?" ಎಂದಳು. "ಕಾಯ್ತೀನಿ ಬುಡಿ."

ಅವನು ಸಾಲಿನ ತಲೆಗೆ ಹೋಗಿ ಬಿಲ್ಲೆ ಕೊಡುತ್ತ ಬಂದ. ಅವಳಿಗೆ ಮೂವತ್ತನಾಲ್ಕು ಬಂತು. ತೆಗೆದುಕೊಂಡು, ಅವನ ಸ್ಟೂಲಿನ ಎದುರಿಗಿದ್ದ ಬೆಂಚಿನ ಮೇಲೆ ಕೂತಳು. ಒಂಬತ್ತಕ್ಕೆ ಡಾಕ್ಟರು ಬಂದರು. ಒಂದರಿಂದ ಮೂವತ್ತಮೂರರವರೆಗೆ ಅಷ್ಟನ್ನೂ ಅವಳ ಎದುರು ಕೂತು ಅವನೇ ಕೂಗಬೇಕಿತ್ತು, ಕೂಗಿದ.